ಅತ್ತೆಯವರ ಡಯಾಲಿಸಿಸ್, ಮಗಳ ಶಾಲೆ, ನನ್ನ ಕೆಲಸದ ಹುಡುಕಾಟ: ವಾರವನ್ನು ಹೇಗೆ ಹೊಂದಿಸಲಿ?

ಪ್ರಶ್ನೆ: ದಾಸರಹಳ್ಳಿ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ದಾಸರಹಳ್ಳಿ ಕಡೆಯವಳು. ಸರಕು ಸಾಗಣೆಯ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ಇದ್ದೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್, ಲಾರಿ ಬಾಡಿಗೆಯ ಬಿಲ್ಲುಗಳನ್ನು ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಕಳೆದ ಬೇಸಿಗೆಯಲ್ಲಿ ಆ ವಿಭಾಗವನ್ನೇ ಬೇರೆ ಊರಿಗೆ ಸಾಗಿಸಿದ್ದರಿಂದ ನಮ್ಮಲ್ಲಿ ಹಲವರಿಗೆ ಕೆಲಸ ಹೋಯಿತು. ಅದಾದ ಕೆಲವೇ ವಾರಗಳಲ್ಲಿ, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದ ನಮ್ಮ ಅತ್ತೆಯವರಿಗೆ ಕಿಡ್ನಿ ಪೂರ್ತಿ ಕೈಕೊಟ್ಟಿದೆ ಎಂದು ಗೊತ್ತಾಗಿ ಡಯಾಲಿಸಿಸ್ ಆರಂಭವಾಯಿತು.

ಯಜಮಾನರು ಪೀಣ್ಯದ ಮೆಷಿನ್ ಶಾಪ್ ಒಂದರಲ್ಲಿ ಸಿಎನ್‌ಸಿ ಆಪರೇಟರ್. ಒಂದು ವಾರ ಫಸ್ಟ್ ಶಿಫ್ಟ್, ಮುಂದಿನ ವಾರ ಸೆಕೆಂಡ್ ಶಿಫ್ಟ್. ರಜೆ ಹಾಕಿದರೆ ಸಂಬಳ ಕತ್ತರಿಸುತ್ತಾರೆ. ಮಗಳು ಮೂರನೇ ತರಗತಿ. ಮೈದುನ ಹೊಸೂರಿನಲ್ಲಿದ್ದಾರೆ, ನಾದಿನಿ ದಾವಣಗೆರೆಯಲ್ಲಿದ್ದಾರೆ. ಇಬ್ಬರೂ ಫೋನ್ ಮಾಡಿ ವಿಚಾರಿಸುತ್ತಾರೆ, ಆಗಾಗ ಒಂದಿಷ್ಟು ಹಣವನ್ನೂ ಕಳಿಸುತ್ತಾರೆ. ಅದರ ಬಗ್ಗೆ ನನಗೆ ದೂರಿಲ್ಲ.

ನನ್ನ ಕಷ್ಟ ಇರುವುದು ಬೇರೆ ಕಡೆ. ನನಗೆ ಕೆಲಸವಿದ್ದಾಗ ಇದೆಲ್ಲ ಬಂದಿದ್ದರೆ ಮನೆಯವರೆಲ್ಲ ಕೂತು ಮಾತಾಡಿ ಯಾವ ದಿನ ಯಾರು ಎಂದು ಹಂಚಿಕೊಳ್ಳುತ್ತಿದ್ದರು. ಈಗ ಯಾರೂ ಏನನ್ನೂ ಹಂಚಿಕೊಳ್ಳುವ ಅಗತ್ಯವೇ ಬರಲಿಲ್ಲ, ಏಕೆಂದರೆ "ಹೇಗೂ ಮನೆಯಲ್ಲೇ ಇದ್ದಾಳಲ್ಲ" ಎಂಬ ಒಂದು ಮಾತಿನಲ್ಲಿ ಎಲ್ಲವೂ ತೀರ್ಮಾನವಾಗಿಬಿಟ್ಟಿತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹನ್ನೊಂದರ ಪಾಳಿ. ಅತ್ತೆಯವರನ್ನು ಆಟೋದಲ್ಲಿ ಕರೆದೊಯ್ದು, ತೂಕ ಮತ್ತು ಬಿಪಿ ನೋಡಿಸಿ, ಸೂಜಿ ಹಾಕಿಸಿ, ನಾಲ್ಕು ಗಂಟೆ ಹೊರಗೆ ಕಾದು, ಮತ್ತೆ ಮನೆಗೆ ಕರೆತರುವಷ್ಟರಲ್ಲಿ ಸಂಜೆ ಐದಾಗಿರುತ್ತದೆ. ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವುದು ಪಕ್ಕದ ಮನೆಯ ಆಂಟಿ. ಉಳಿದ ದಿನಗಳಲ್ಲಿ ಅತ್ತೆಯವರ ಪಥ್ಯದ ಅಡುಗೆ ಬೇರೆ, ನಮ್ಮ ಅಡುಗೆ ಬೇರೆ. ಅವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರ್ ಅಳತೆ ಹೇಳಿದ್ದಾರೆ. ಮಗಳು ಬಾಟಲಿಯ ಮೇಲೆ ಮಾರ್ಕರ್‌ನಿಂದ ಗೆರೆಗಳನ್ನು ಎಳೆದು, ಪ್ರತಿ ಗೆರೆಯ ಪಕ್ಕದಲ್ಲಿ "ಕಾಫಿ", "ಮಾತ್ರೆ", "ಊಟ" ಎಂದು ಬರೆದಿಟ್ಟಿದ್ದಾಳೆ. ಅಜ್ಜಿ ಕದ್ದು ಕುಡಿದರೆ ಗದರುವವಳೂ ಅವಳೇ. ಅದನ್ನು ನೋಡಿ ನಗು ಬರುತ್ತದೆ, ಆದರೆ ಎಂಟು ವರ್ಷದ ಮಗುವಿಗೆ ಈ ಕಾವಲು ಕೆಲಸ ಬೇಕೇ ಎಂದೂ ಅನಿಸುತ್ತದೆ.

ಈ ನಡುವೆ ಕೆಲಸ ಹುಡುಕಬೇಕು. ಕಂಪನಿಗಳವರು ಕರೆ ಮಾಡುವುದು ಹನ್ನೊಂದರಿಂದ ನಾಲ್ಕರ ಒಳಗೆ. ಒಮ್ಮೆ ಡಯಾಲಿಸಿಸ್ ಘಟಕದ ಕಾರಿಡಾರಿನಲ್ಲಿ ನಿಂತು ಮಾತಾಡುತ್ತಿದ್ದಾಗ ಒಳಗಿನ ಯಂತ್ರ ಕೂಗತೊಡಗಿತು. ಆ ಕಡೆಯವರು "ಮೇಡಂ, ನೀವು ಆಸ್ಪತ್ರೆಯಲ್ಲಿದ್ದೀರಾ?" ಎಂದು ಕೇಳಿದರು, ಹೌದೆಂದೆ. ಅಲ್ಲಿಂದ ಮತ್ತೆ ಕರೆ ಬರಲಿಲ್ಲ. ಅದೇ ಕಾರಣವೋ ಬೇರೆಯದೋ ನನಗೆ ತಿಳಿಯದು.

ನಾನು ಕೇಳಬೇಕೆಂದಿರುವುದು ಇಷ್ಟು. ಡಯಾಲಿಸಿಸ್‌ನ ದಿನ ಅಥವಾ ಹೊತ್ತನ್ನು ಬದಲಾಯಿಸಿ ಕೊಡುತ್ತಾರೆಯೇ? ಮನೆಯ ಕಾಯಿಲೆಯ ವಿಷಯವನ್ನು ಸಂದರ್ಶನದಲ್ಲಿ ಹೇಳಬೇಕೇ, ಮುಚ್ಚಿಡಬೇಕೇ? ಅತ್ತೆಯವರ ಹೆಸರು ನನ್ನ ಕಂಪನಿಯ ವಿಮೆಯಲ್ಲಿತ್ತು, ಅದು ನನ್ನ ಕೆಲಸದ ಜೊತೆಗೇ ನಿಂತುಹೋಗಿದೆ. ಪಿಎಫ್ ಹಣವನ್ನು ಪೂರ್ತಿ ತೆಗೆದುಬಿಡೋಣ ಎನ್ನುತ್ತಿದ್ದಾರೆ ಯಜಮಾನರು. ಗ್ರಾಚ್ಯುಟಿ ಇನ್ನೂ ಬಂದಿಲ್ಲ. ಇವನ್ನೆಲ್ಲ ದಾಟಿ ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಲೆನಾಡಿನ ಟೆಕ್ನಿಷಿಯನ್

ಮೇಡಂ, ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ದಿನ ಮತ್ತು ಪಾಳಿ ಎರಡನ್ನೂ ಬದಲಾಯಿಸಲು ಸಾಧ್ಯವಿದೆ, ಆದರೆ ಯಂತ್ರ ಖಾಲಿ ಇರಬೇಕು ಮತ್ತು ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಒಪ್ಪಬೇಕು. ಹೆಚ್ಚಿನ ಘಟಕಗಳಲ್ಲಿ ಒಂದು ಗುಂಪು ಸೋಮ, ಬುಧ, ಶುಕ್ರ ಬಂದರೆ ಇನ್ನೊಂದು ಗುಂಪು ಮಂಗಳ, ಗುರು, ಶನಿ ಬರುತ್ತದೆ. ನಿಮ್ಮ ಪರಿಸ್ಥಿತಿಗೆ ಎರಡನೆಯದು ಅನುಕೂಲ ಎಂದು ನನಗೆ ತೋರುತ್ತದೆ. ಶನಿವಾರ ಸಂದರ್ಶನಗಳು ಕಡಿಮೆ, ಹಾಗಾಗಿ ಕಚೇರಿ ನಡೆಯುವ ದಿನಗಳಲ್ಲಿ ನಿಮಗೆ ಕಳೆದುಹೋಗುವುದು ಎರಡೇ ದಿನ. ಅದರ ಮೇಲೆ ಬೆಳಗಿನ ಮೊದಲ ಪಾಳಿ ಸಿಕ್ಕಿಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿರುತ್ತೀರಿ. ಮೊದಲ ಪಾಳಿಗೆ ಬೇಡಿಕೆ ಜಾಸ್ತಿ ಎಂಬುದು ನಿಜ, ಆದರೂ ಘಟಕದ ಇನ್‌ಚಾರ್ಜ್ ಸಿಸ್ಟರ್ ಬಳಿ ಹೆಸರು ಬರೆಸಿಡಿ. ಯಾರಾದರೂ ಊರು ಬದಲಾಯಿಸಿದಾಗ, ಯಾರಿಗಾದರೂ ಕಸಿ ಆದಾಗ ಜಾಗ ತೆರವಾಗುತ್ತದೆ, ಮತ್ತು ಬಾಯಿಮಾತಿನಲ್ಲಿ ಕೇಳಿದವರಿಗಿಂತ ಪುಸ್ತಕದಲ್ಲಿ ಹೆಸರಿದ್ದವರನ್ನು ಮೊದಲು ಕರೆಯುತ್ತಾರೆ.

ಇನ್ನೊಂದು ವಿಷಯ. ನಾಲ್ಕು ಗಂಟೆಯೂ ನೀವೇ ಹೊರಗೆ ಕೂರಬೇಕೆಂದಿಲ್ಲ. ಯಾರಾದರೊಬ್ಬರು ಹತ್ತಿರದಲ್ಲಿದ್ದು ಫೋನಿಗೆ ಸಿಕ್ಕರೆ ಸಾಕು ಎನ್ನುವ ಘಟಕಗಳೇ ಹೆಚ್ಚು; ನಿಮ್ಮಲ್ಲಿ ಹೇಗೆಂದು ಕೇಳಿಕೊಳ್ಳಿ. ಮನೆಯವರು ಖಂಡಿತ ಇರಬೇಕಾದದ್ದು ಮುಗಿಯುವ ಹೊತ್ತಿಗೆ. ದೇಹದಿಂದ ನೀರು ತೆಗೆದ ಮೇಲೆ ಬಿಪಿ ಇಳಿದು, ಎದ್ದು ನಿಂತ ತಕ್ಷಣ ತಲೆ ಸುತ್ತಿ ಬೀಳುವವರನ್ನು ನಾವು ಆಗಾಗ ನೋಡುತ್ತೇವೆ. ಸೂಜಿ ತೆಗೆದ ಜಾಗವನ್ನು ಒತ್ತಿ ಹಿಡಿದು ರಕ್ತ ಪೂರ್ತಿ ನಿಂತಿದೆಯೇ ಎಂದು ನೋಡಿದ ಮೇಲೆಯೇ ಹೊರಡಬೇಕು. ಹೀಗಾಗಿ ಬಿಡಲು ಒಬ್ಬರು, ಕರೆತರಲು ಇನ್ನೊಬ್ಬರು ಎಂದು ಹಂಚಿಕೊಳ್ಳಬಹುದು. ಸೆಕೆಂಡ್ ಶಿಫ್ಟ್ ಇರುವ ವಾರ ನಿಮ್ಮ ಯಜಮಾನರು ಬೆಳಿಗ್ಗೆ ಬಿಟ್ಟು ಬರಲಿ.

ಮನೆಯಲ್ಲಿ ಗಮನಿಸಬೇಕಾದದ್ದು ಬಹಳವಿಲ್ಲ, ಆದರೆ ಇರುವುದನ್ನು ಬಿಡುವಂತಿಲ್ಲ. ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳಗಳನ್ನು ಜೋಡಿಸಿ ಮಾಡಿದ ದಾರಿ) ಮಾಡಿದ್ದರೆ ದಿನವೂ ಅದರ ಮೇಲೆ ಬೆರಳಿಟ್ಟು ನೋಡಿ, ಸಣ್ಣಗೆ ಕಂಪಿಸುತ್ತಿರಬೇಕು. ಆ ಕಂಪನ ನಿಂತರೆ ಮುಂದಿನ ಡಯಾಲಿಸಿಸ್‌ವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಆ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಯಾರಿಗೂ ಬಿಡಬೇಡಿ. ಎಳನೀರು, ಬಾಳೆಹಣ್ಣುಗಳಲ್ಲಿ ಪೊಟ್ಯಾಸಿಯಂ ಹೆಚ್ಚು, ಕಮರಾಕ್ಷಿ ಹಣ್ಣಂತೂ ವಿಷಕ್ಕೆ ಸಮ. "ಬಿಪಿಗೆ ಒಳ್ಳೆಯದು" ಎಂದು ಅಂಗಡಿಯಲ್ಲಿ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ, ಅದನ್ನು ಕೊಡಲೇಬೇಡಿ. ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಿದರೆ ಬಾಯಾರಿಕೆಯೂ ಇಳಿಯುತ್ತದೆ, ನಿಮ್ಮ ಮಗಳ ಕಾವಲೂ ಸಡಿಲವಾಗುತ್ತದೆ. ಎರಡು ಅಡುಗೆಯ ಬದಲು, ತರಕಾರಿಯನ್ನು ಹೆಚ್ಚಿ ನೀರಿನಲ್ಲಿ ನೆನೆಸಿ, ಬೇಯಿಸಿ, ಆ ನೀರನ್ನು ಬಸಿದು, ಉಪ್ಪು ಖಾರ ಹಾಕುವ ಮೊದಲೇ ಅತ್ತೆಯವರ ಪಾಲನ್ನು ತೆಗೆದಿಟ್ಟರೆ ಒಲೆ ಒಂದೇ ಸಲ ಹಚ್ಚಿದರೆ ಸಾಕು.

ಸಂದರ್ಶನ ಇದೆ ಎಂದು ಡಯಾಲಿಸಿಸ್ ತಪ್ಪಿಸುವ ಯೋಚನೆ ಮಾತ್ರ ಬೇಡ.

ಉತ್ತರ: ನೇಮಕಾತಿ ಮೇಜಿನಿಂದ

ನಾನು ಹಲವು ವರ್ಷ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದವನು. ಕಾಯಿಲೆಯ ವಿಷಯ ಹೇಳಬೇಕೇ ಎಂದು ಕೇಳಿದ್ದೀರಿ. ಕೇಳದಿದ್ದರೆ ಹೇಳಬೇಡಿ, ಬಿಡುವಿನ ಬಗ್ಗೆ ಕೇಳಿದರೆ ಎರಡು ವಾಕ್ಯದಲ್ಲಿ ಮುಗಿಸಿ. "ಕಂಪನಿ ವಿಭಾಗವನ್ನು ಸ್ಥಳಾಂತರಿಸಿತು. ಆ ಅವಧಿಯಲ್ಲಿ ಮನೆಯ ಹಿರಿಯರ ಚಿಕಿತ್ಸೆಯ ವ್ಯವಸ್ಥೆ ಮಾಡಿಕೊಂಡೆ, ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧಳಿದ್ದೇನೆ." ಅಷ್ಟಕ್ಕೆ ನಿಲ್ಲಿಸಿ ಕೆಲಸದ ಮಾತಿಗೆ ಬನ್ನಿ. ಎದುರಿಗೆ ಕುಳಿತವರಿಗೆ ತಿಳಿಯಬೇಕಾದದ್ದು ಕ್ರಿಯಾಟಿನಿನ್ ಎಷ್ಟಿದೆ ಎಂಬುದಲ್ಲ, ಜಿಎಸ್‌ಟಿ ರಿಟರ್ನ್ಸ್‌ನ ಗಡುವುಗಳಾದ ತಿಂಗಳ 11 ಮತ್ತು 20ನೇ ತಾರೀಕು ನೀವು ಮೇಜಿನ ಮುಂದೆ ಇರುತ್ತೀರೋ ಇಲ್ಲವೋ ಎಂಬುದು. ಲೆಕ್ಕಪತ್ರದವರಾದ ನಿಮಗೆ ಈ ತಾರೀಕುಗಳ ಬಗ್ಗೆ ನಾನು ಹೇಳಬೇಕಾಗಿಲ್ಲ.

ಕಾರಿಡಾರಿನಿಂದ ಮಾತಾಡಬೇಡಿ. ಕರೆ ಬಂದಾಗ "ಈಗ ಹೊರಗಿದ್ದೇನೆ, ನಾಳೆ ಬೆಳಿಗ್ಗೆ ಹತ್ತಕ್ಕೆ ಮಾತಾಡಬಹುದೇ?" ಎಂದು ನೀವೇ ಹೊತ್ತು ಗೊತ್ತುಮಾಡಿ. ನೇಮಕಾತಿಯವರು ಇದನ್ನು ತಪ್ಪೆಂದು ತಿಳಿಯುವುದಿಲ್ಲ, ಬೇರೆ ಕಡೆ ಕೆಲಸದಲ್ಲಿರುವ ಅಭ್ಯರ್ಥಿಗಳೆಲ್ಲ ಹಾಗೆಯೇ ಹೇಳುತ್ತಾರೆ. ನೋಂದಣಿ ಶುಲ್ಕ, ತರಬೇತಿ ಠೇವಣಿ ಎಂದು ಹಣ ಕೇಳಿದವರ ನಂಬರನ್ನು ಅಲ್ಲಿಯೇ ಬ್ಲಾಕ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮನೆಯ ಒತ್ತಡದಲ್ಲಿರುವವರನ್ನೇ ಈ ವಂಚಕರು ಹುಡುಕುತ್ತಾರೆ.

ಪಿಎಫ್ ವಿಷಯಕ್ಕೆ ಬರೋಣ. ಪೂರ್ತಿ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ 10 ವರ್ಷಗಳ ಸೇವೆ ತುಂಬಿದರೆ ಮಾತ್ರ ಮುಂದೆ ಮಾಸಿಕ ಪಿಂಚಣಿಯ ಹಕ್ಕು ಬರುತ್ತದೆ. ನಿಮ್ಮದು ಆರು ದಾಟಿದೆ, ಪಿಂಚಣಿ ಭಾಗವನ್ನೂ ಹಿಂಪಡೆದರೆ ಮತ್ತೆ ಸೊನ್ನೆಯಿಂದ ಎಣಿಸಬೇಕು. ಅದೇ ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಇಟ್ಟುಕೊಂಡು ಮುಂದಿನ ಕಂಪನಿಗೆ ಸೇರಿದರೆ ಲೆಕ್ಕ ಮುಂದುವರಿಯುತ್ತದೆ. ಹಣ ಬೇಕೇ ಬೇಕೆಂದರೆ ಎಷ್ಟು ಬೇಕೋ ಅಷ್ಟನ್ನೇ, ಭವಿಷ್ಯ ನಿಧಿಯ ಭಾಗದಿಂದ ಮಾತ್ರ ತೆಗೆಯಿರಿ. ಗ್ರಾಚ್ಯುಟಿ ಬೇರೆಯೇ ಬಾಬ್ತು, 5 ವರ್ಷ ಪೂರೈಸಿದವರಿಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನದಂತೆ ಕೊಡಬೇಕು, ಅದೂ 30 ದಿನಗಳ ಒಳಗೆ. ತಡವಾದರೆ ಬಡ್ಡಿ ಸೇರುತ್ತದೆ. ಮೊದಲು ಕಂಪನಿಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಬರೆಯಿರಿ. ಅವರು ಬಾಯಿಬಿಡದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ನನಗೆ ಕಂಡಂತೆ ಇಲಾಖೆಯ ನೋಟಿಸ್ ತಲುಪಿದ ಮೇಲೆ ಹೆಚ್ಚಿನ ಕಂಪನಿಗಳು ಎಳೆದಾಡುವುದಿಲ್ಲ.

ವಿಮೆಯ ಬಗ್ಗೆ ಒಳ್ಳೆಯ ಸುದ್ದಿ ಕಡಿಮೆ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗುವ ಅವಕಾಶವಿರುತ್ತದೆ, ಆದರೆ ಅದನ್ನು ಕೆಲಸ ಬಿಡುವ ಹೊತ್ತಿನಲ್ಲೇ ಕೇಳಬೇಕು. ಈಗ ಹೊಸ ಪಾಲಿಸಿ ಮಾಡಿಸಲು ಹೋದರೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. 2024ರ ನಿಯಮದಂತೆ ಅದು ಗರಿಷ್ಠ 3 ವರ್ಷ, ಮೊದಲು 4 ಇತ್ತು. ಡಯಾಲಿಸಿಸ್‌ನಲ್ಲಿರುವವರಿಗೆ ಪಾಲಿಸಿ ಕೊಡಲು ವಿಮಾ ಕಂಪನಿ ಒಪ್ಪದೆಯೂ ಇರಬಹುದು. ಕೂಡಲೇ ನೋಡಬೇಕಾದದ್ದು ನಿಮ್ಮ ಯಜಮಾನರ ಸಂಬಳದ ಚೀಟಿಯನ್ನು. ಅದರಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದೆಯೇ? 2017ರ ಜನವರಿಯಿಂದ ಜಾರಿಗೆ ಬಂದ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ. ವಂತಿಗೆ ಅವಧಿಯ ಮಧ್ಯೆ ಸಂಬಳ ಅದನ್ನು ದಾಟಿದರೂ ಆ ಅವಧಿ ಮುಗಿಯುವವರೆಗೆ ಸೌಲಭ್ಯ ಮುಂದುವರಿಯುತ್ತದೆ. ಇಎಸ್‌ಐನಲ್ಲಿ ಅವಲಂಬಿತ ತಂದೆ ತಾಯಿಯರೂ ಬರುತ್ತಾರೆ. ಅತ್ತೆಯವರ ಹೆಸರು ಸೇರಿಲ್ಲದಿದ್ದರೆ ನಾಳೆಯೇ ಸೇರಿಸಲು ಹೇಳಿ.

ಅದೂ ಇಲ್ಲವೆಂದಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಕೇಂದ್ರಗಳನ್ನೂ ವಿಚಾರಿಸಿ. ನೆಲಮಂಗಲದ ಕಡೆ ಸರದಿ ಚಿಕ್ಕದಿದ್ದರೂ ಇರಬಹುದು.

ಉತ್ತರ: ಮಂಡ್ಯದ ಅಕ್ಕ

ತಂಗಿ, ಮೇಲಿನ ಇಬ್ಬರೂ ಹೇಳಿದ್ದು ಸರಿಯಾಗಿದೆ, ಆದರೆ ನೀವು ಬರೆದ ಮುಖ್ಯ ಮಾತನ್ನು ಇಬ್ಬರೂ ದಾಟಿ ಹೋದರು. "ಹೇಗೂ ಮನೆಯಲ್ಲೇ ಇದ್ದಾಳಲ್ಲ" ಎಂಬ ಮಾತು ಹಾಗೆಯೇ ಉಳಿದರೆ ಪಾಳಿ ಬದಲಾದರೂ ಪ್ರಯೋಜನವಿಲ್ಲ, ಉಳಿದ ಮೂರು ದಿನಗಳನ್ನೂ ಗ್ಯಾಸ್ ಬುಕಿಂಗು, ರೇಷನ್ನು, ಬ್ಯಾಂಕು ಎಂದು ಮನೆ ತುಂಬಿಸಿಬಿಡುತ್ತದೆ. ಮಾವನವರಿಗೆ ಪಾರ್ಶ್ವವಾಯು ಬಡಿದ ಕಾಲದಲ್ಲಿ ನಾನು ಬಿ.ಇಡಿ ಮುಗಿಸಿ ಶಾಲೆಗಳಿಗೆ ಅರ್ಜಿ ಹಾಕುತ್ತಿದ್ದೆ. ಅರ್ಜಿ ಬರೆಯಲು ಕುಳಿತಾಗಲೆಲ್ಲ ಯಾರಾದರೂ ಬಂದು "ಸುಮ್ಮನೆ ಕೂತಿದ್ದೀಯಾ, ಈ ಬಟ್ಟೆ ಒಂದಿಷ್ಟು ಮಡಿಚಿಡು" ಎನ್ನುತ್ತಿದ್ದರು. ಕೆಲಸಕ್ಕೆ ಹೋಗುವವಳನ್ನು ಯಾರೂ ಹಾಗೆ ಕರೆಯುವುದಿಲ್ಲ, ಕೆಲಸ ಹುಡುಕುವವಳನ್ನು ಎಲ್ಲರೂ ಕರೆಯುತ್ತಾರೆ.

ಆದ್ದರಿಂದ ಮೈದುನ, ನಾದಿನಿ, ಯಜಮಾನರು ಮೂವರನ್ನೂ ಒಂದೇ ಫೋನ್ ಕರೆಗೆ ಸೇರಿಸಿ. ಹಣದ ಮಾತು ಎತ್ತಬೇಡಿ, ದಿನಗಳ ಮಾತನ್ನೇ ಆಡಿ. ಹೊಸೂರಿನಿಂದ ಬೆಂಗಳೂರು ದೂರವೇನಲ್ಲ, ಅತ್ತೆಯವರ ಶನಿವಾರದ ಡಯಾಲಿಸಿಸ್ ಮೈದುನನ ಪಾಲಿಗಿರಲಿ. ದಾವಣಗೆರೆಯ ನಾದಿನಿ ಬೇಸಿಗೆ ರಜೆಯಲ್ಲೋ ದಸರಾ ರಜೆಯಲ್ಲೋ ಬಂದು ಸ್ವಲ್ಪ ದಿನ ಇರಲಿ. ಸಾಮಾನ್ಯ ಸರ್ಕಾರಿ ಬಸ್ಸಿಗೆ ಹೆಂಗಸರು ಹಣ ಕೊಡಬೇಕಾಗಿಲ್ಲ ಎಂಬುದನ್ನೂ ನೆನಪಿಸಿ. ಇದನ್ನು ಸೊಸೆ ಹೇಳಿದರೆ ದೂರಿನಂತೆ ಕೇಳಿಸುತ್ತದೆ, ಯಜಮಾನರ ಬಾಯಿಂದ ಬಂದರೆ ತಾಯಿಯ ಬಗ್ಗೆ ಮಗ ಆಡಿದ ಮಾತಾಗುತ್ತದೆ. ಹಾಗಾಗಬಾರದಿತ್ತು, ಆದರೆ ನಮ್ಮ ಮನೆಗಳು ಇರುವುದು ಹಾಗೆ. ಮೊದಲು ಅವರನ್ನು ಒಪ್ಪಿಸಿ.

ಬೆಳಿಗ್ಗೆ ಮಗಳು ಶಾಲೆಗೆ ಹೋದ ಮೇಲೆ ಎರಡು ಗಂಟೆ ನಿಮ್ಮದೆಂದು ಇಟ್ಟುಕೊಳ್ಳಿ, ಮತ್ತು ಆ ಹೊತ್ತಿನಲ್ಲಿ ಮನೆಯಲ್ಲಿ ಇರಬೇಡಿ. ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತುಕೊಳ್ಳಿ. ಡಯಾಲಿಸಿಸ್ ಇಲ್ಲದ ದಿನ ಅತ್ತೆಯವರು ಓಡಾಡಿಕೊಂಡಿರುತ್ತಾರಾದರೆ, ಪಕ್ಕದ ಮನೆಯ ಆಂಟಿಗೆ ಒಂದು ಮಾತು ಹೇಳಿ ಹೊರಡಬಹುದು. ಇನ್ನೊಂದು ಸಲಹೆ: ದಾಸರಹಳ್ಳಿ, ಪೀಣ್ಯ ಸುತ್ತಮುತ್ತ ಸಣ್ಣ ವರ್ಕ್‌ಶಾಪ್‌ಗಳಿಗೆ ಲೆಕ್ಕವೇನೂ ಕಡಿಮೆಯಿಲ್ಲ. ವಾರ್ಷಿಕ ವಹಿವಾಟು 5 ಕೋಟಿಯೊಳಗಿರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ಸ್ ಸಲ್ಲಿಸಬಹುದಾದ್ದರಿಂದ ಅಂಥವರ ಕೆಲಸವನ್ನು ಮನೆಯಿಂದಲೇ ಮಾಡಬಹುದು ಎಂದು ನನ್ನ ಅಣ್ಣನ ಮಗ ಹೇಳುತ್ತಾನೆ. ಸಂಬಳದಷ್ಟು ಬರುವುದಿಲ್ಲ. ಆದರೆ ರೆಸ್ಯೂಮೆಯಲ್ಲಿ ಖಾಲಿ ಜಾಗ ಇರುವುದಿಲ್ಲ, "ಕೆಲಸ ಮಾಡುತ್ತಿದ್ದೇನೆ" ಎಂದು ಮನೆಯಲ್ಲೂ ಹೇಳಬಹುದು.

ಮಗಳ ವಿಷಯಕ್ಕೆ ಹೆಚ್ಚು ಕೊರಗಬೇಡಿ. ಬಾಟಲಿಗೆ ಗೆರೆ ಎಳೆಯುವುದು ಅವಳಿಗೆ ಹೆಮ್ಮೆಯ ಕೆಲಸ. ಗದರುವ ಕೆಲಸವನ್ನು ಮಾತ್ರ ಅವಳಿಂದ ತೆಗೆದುಕೊಳ್ಳಿ, ಅಜ್ಜಿಗೆ ಏನಾದರೂ ಆದರೆ ಅದು ತನ್ನಿಂದಲೇ ಎಂದು ಮಗು ತಿಳಿದುಬಿಡುತ್ತದೆ. ನಿಮಗೇ ರಾತ್ರಿ ನಿದ್ದೆ ಬರುವುದಿಲ್ಲ, ಸುಮ್ಮನೆ ಅಳು ಬರುತ್ತದೆ ಎಂಬಂತಾದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲಿಯೇ ಮಾತಾಡಬಹುದು.

ದಾಸರಹಳ್ಳಿ ಸೊಸೆ

ಎಲ್ಲರಿಗೂ ಧನ್ಯವಾದಗಳು. ಯಜಮಾನರ ಸಂಬಳದ ಚೀಟಿ ನೋಡಿದೆವು, ಇಎಸ್‌ಐ ಕಡಿತವಾಗುತ್ತಿದೆ, ಆದರೆ ಕುಟುಂಬದ ಪಟ್ಟಿಯಲ್ಲಿ ನಾನು ಮತ್ತು ಮಗಳು ಮಾತ್ರ ಇದ್ದೇವೆ. ನನ್ನ ಕಂಪನಿಯ ವಿಮೆ ಇದ್ದುದರಿಂದ ಅತ್ತೆಯವರ ಹೆಸರನ್ನು ಸೇರಿಸುವ ಪ್ರಸಂಗವೇ ಬಂದಿರಲಿಲ್ಲ. ಕಾರ್ಖಾನೆಯ ಕಚೇರಿಯಲ್ಲಿ ಆಧಾರ್ ಮತ್ತು ಫೋಟೋ ಕೇಳಿದ್ದಾರೆ. ಮೈದುನ ಶನಿವಾರಕ್ಕೆ ಒಪ್ಪಿದ್ದಾರೆ, ಎಲ್ಲ ಶನಿವಾರ ಆಗದು, ತಿಂಗಳಲ್ಲಿ ಎರಡು ಎಂದಿದ್ದಾರೆ. ಅಕ್ಕ ಹೇಳಿದಂತೆ ಮಾತಾಡಿದ್ದು ಯಜಮಾನರೇ. ಇನ್‌ಚಾರ್ಜ್ ಸಿಸ್ಟರ್ ಮಂಗಳ, ಗುರು, ಶನಿಯ ಬೆಳಗಿನ ಪಾಳಿಯಲ್ಲಿ ಒಂದು ಜಾಗ ತೆರವಾಗಲಿದೆ ಎಂದಿದ್ದಾರೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವಾಗ ಮಧ್ಯೆ ಹೆಚ್ಚು ದಿನ ಬಿಟ್ಟುಹೋದರೆ ತೊಂದರೆಯಾಗುವುದಿಲ್ಲವೇ? ಶುಕ್ರವಾರ ಆದ ಮೇಲೆ ನೇರವಾಗಿ ಮಂಗಳವಾರ ಎಂದರೆ ನನಗೆ ಭಯವಾಗುತ್ತದೆ.

ಮಲೆನಾಡಿನ ಟೆಕ್ನಿಷಿಯನ್

ನಿಮ್ಮ ಭಯ ಸರಿಯಾದದ್ದೇ ಮೇಡಂ. ಶುಕ್ರವಾರದಿಂದ ಮಂಗಳವಾರಕ್ಕೆ ಹಾರುವಂತಿಲ್ಲ, ನಡುವೆ ಮೂರು ಪೂರ್ತಿ ದಿನ ಖಾಲಿ ಬೀಳುತ್ತದೆ. ನೀರೂ ಪೊಟ್ಯಾಸಿಯಂ ಕೂಡ ಏರುತ್ತದೆ. ಸಾಮಾನ್ಯವಾಗಿ ವಾರದ ಮಧ್ಯದಲ್ಲಿ ಬದಲಾಯಿಸುತ್ತಾರೆ: ಸೋಮವಾರ ಎಂದಿನಂತೆ ಮಾಡಿ, ಬುಧವಾರದ ಬದಲು ಗುರುವಾರ, ಆಮೇಲೆ ಶನಿವಾರ. ಹೀಗಾದರೆ ನಡುವೆ ಬೀಳುವುದು ಎರಡೇ ದಿನ, ಅಷ್ಟು ಅಂತರ ಪ್ರತಿ ವಾರಾಂತ್ಯದಲ್ಲೂ ಹೇಗಿದ್ದರೂ ಇರುತ್ತದೆ. ಅತ್ತೆಯವರಿಗೆ ಡಯಾಲಿಸಿಸ್‌ಗಳ ನಡುವೆ ತೂಕ ಹೆಚ್ಚು ಏರುತ್ತಿದ್ದರೆ ಆ ವಾರ ಒಂದು ಹೆಚ್ಚುವರಿ ಮಾಡಿಸಿ ಎಂದೂ ಡಾಕ್ಟರ್ ಹೇಳಬಹುದು. ಯಾವುದಾದರೂ ಸರಿ, ಅವರಿಂದಲೇ ಫೈಲಿನಲ್ಲಿ ಬರೆಸಿಕೊಳ್ಳಿ. ಆ ವಾರ ಮಂಗಳವಾರ ಮತ್ತು ಬುಧವಾರ ನೀರಿನ ಅಳತೆಯನ್ನು ಸ್ವಲ್ಪ ಬಿಗಿ ಹಿಡಿಯಿರಿ. ಉಸಿರು ಕಟ್ಟಿದಂತಾದರೆ, ಮಲಗಲು ಆಗದಿದ್ದರೆ, ಎದೆ ಬಡಿತ ಏರುಪೇರಾದರೆ ಗುರುವಾರಕ್ಕೆ ಕಾಯಬೇಡಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ನೇರವಾಗಿ ಕರೆದುಕೊಂಡು ಹೋಗಿ.